ಡಿಎನ್‌ಎ ಸೊನ್ನೆ, ರಿಪೋರ್ಟ್ ಮಾತ್ರ ಪಾಸಿಟಿವ್: ಹೆಪಟೈಟಿಸ್ ಬಿ ಬುಡಸಮೇತ ಏಕೆ ಹೋಗುವುದಿಲ್ಲ?

ಮೊದಲಿಗೆ ಒಂದು ಲ್ಯಾಬ್ ರಿಪೋರ್ಟ್ ಓದೋಣ. ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್‌ಗೆಂದು ಐದಾರು ವರ್ಷದಿಂದ ದಿನಕ್ಕೊಂದು ಟೆನೊಫೊವಿರ್ ಮಾತ್ರೆ ತಪ್ಪದೆ ನುಂಗುತ್ತಿರುವವರ ರಿಪೋರ್ಟ್ ಎಂದುಕೊಳ್ಳಿ. ಎಚ್‌ಬಿವಿ ಡಿಎನ್‌ಎ, ಅಂದರೆ ಆ ವೈರಸ್‌ನ ಡಿಎನ್‌ಎ: ಪತ್ತೆಯಾಗಿಲ್ಲ. ಎಸ್‌ಜಿಪಿಟಿ, ಲಿವರ್‌ಗೆ ಪೆಟ್ಟಾದರೆ ಏರುವ ಕಿಣ್ವ: 24. ಅಲ್ಲಿಗೆ ನೆಮ್ಮದಿ. ಅದರ ಕೆಳಗಿನ ಸಾಲಿಗೆ ಬಂದರೆ ಎಚ್‌ಬಿಎಸ್‌ಎಜಿ, ಅಂದರೆ ವೈರಸ್‌ನ ಹೊರಗವಚದ ಪ್ರೊಟೀನ್: ರಿಯಾಕ್ಟಿವ್. ರಕ್ತದಲ್ಲಿ ವೈರಸ್ ಸಿಗಲಿಲ್ಲ ಎನ್ನುವುದೂ ಇದೇ ಕಾಗದ, ಪಾಸಿಟಿವ್ ಎನ್ನುವುದೂ ಇದೇ ಕಾಗದ. ಲ್ಯಾಬ್‌ನವರು ತಪ್ಪು ಮಾಡಿಲ್ಲ, ಎರಡೂ ಸಾಲು ನಿಜ. ಅವೆರಡೂ ಒಟ್ಟಿಗೆ ನಿಜವಾಗುವುದು ಹೇಗೆಂದು ತಿಳಿದರೆ, ಈ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವುದು ಇಷ್ಟು ಕಷ್ಟವೇಕೆ ಎನ್ನುವುದು ಮುಕ್ಕಾಲು ಪಾಲು ತಿಳಿದ ಹಾಗೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನ 25.4 ಕೋಟಿ ಜನರಿಗೆ ದೀರ್ಘಕಾಲದ ಹೆಪಟೈಟಿಸ್ ಬಿ ಸೋಂಕಿತ್ತು. ಭಾರತದಲ್ಲಿ 2.98 ಕೋಟಿ. ಆ ಒಂದು ವರ್ಷದಲ್ಲಿ ಸುಮಾರು 11 ಲಕ್ಷ ಜನ ಇದರಿಂದ ಸತ್ತರು, ಬಹುಪಾಲು ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವುದು) ಮತ್ತು ಲಿವರ್ ಕ್ಯಾನ್ಸರ್‌ನಿಂದ. ದೀರ್ಘಕಾಲದ ಸೋಂಕು ಎಂದರೆ ಎಚ್‌ಬಿಎಸ್‌ಎಜಿ ಆರು ತಿಂಗಳಾದರೂ ನೆಗೆಟಿವ್ ಆಗದೆ ಉಳಿಯುವುದು. ಅಂಕಿಅಂಶ ಇಷ್ಟು ಸಾಕು, ವಿಷಯಕ್ಕೆ ಬರೋಣ.

"ಹೆಪಟೈಟಿಸ್ ಸಿ ಮೂರೇ ತಿಂಗಳಲ್ಲಿ ವಾಸಿಯಾಗುತ್ತಂತೆ, ಬಿ ಗೆ ಯಾಕಾಗಲ್ಲ?" ಇದು ತುಂಬಾ ಜನ ಕೇಳುವ ಪ್ರಶ್ನೆ, ಸರಿಯಾದ ಪ್ರಶ್ನೆಯೂ ಹೌದು. ಸೋಫೋಸ್‌ಬುವಿರ್ ಜೊತೆ ವೆಲ್ಪಟಾಸ್‌ವಿರ್ ಅಥವಾ ಡಕ್ಲಾಟಾಸ್‌ವಿರ್ ಸೇರಿಸಿ 12 ವಾರ ಕೊಟ್ಟರೆ ಸಿ ವೈರಸ್ ನೂರಕ್ಕೆ 95ಕ್ಕೂ ಹೆಚ್ಚು ಮಂದಿಯಲ್ಲಿ ಮಾಯವಾಗುತ್ತದೆ, ಮರಳಿ ಬರುವುದಿಲ್ಲ. ಸಿ ವೈರಸ್ ಆರ್‌ಎನ್‌ಎ ವೈರಸ್. ಅದು ಲಿವರ್ ಕೋಶದ ಒಳಗೆ ಬಂದರೂ ಕೋಶಕೇಂದ್ರದ ಹೊರಗಿನ ರಸದಲ್ಲೇ ಬಿಡಾರ ಹೂಡುತ್ತದೆ. ಆರ್‌ಎನ್‌ಎ ಬಾಳಿಕೆ ಬರುವ ವಸ್ತುವಲ್ಲ, ದಿನನಿತ್ಯ ಹೊಸದಾಗಿ ಆಗುತ್ತಿದ್ದರಷ್ಟೇ ಇರುತ್ತದೆ. ಹೊಸದು ಆಗುವುದನ್ನು ತಡೆದರೆ ಹಳೆಯದು ತಾನಾಗಿ ಸವೆದು ಹೋಗುತ್ತದೆ. ಸಿ ವೈರಸ್‌ಗೆ ಉಳಿತಾಯ ಖಾತೆ ಇಲ್ಲ. ಬಿ ವೈರಸ್‌ಗೆ ಇದೆ.

ಮೊದಲ ಅಡ್ಡಿ: ಕೋಶಕೇಂದ್ರದೊಳಗಿನ ಉಂಗುರ

ಹೆಪಟೈಟಿಸ್ ಬಿ ವೈರಸ್ ಬಲು ಚಿಕ್ಕದು. ಅಡ್ಡಳತೆ 42 ನ್ಯಾನೋಮೀಟರ್. ಅದರ ಡಿಎನ್‌ಎಯಲ್ಲಿರುವುದು ಸುಮಾರು 3,200 ಅಕ್ಷರ. ನಮ್ಮ ಪ್ರತಿ ಕೋಶದಲ್ಲಿರುವ ಒಂದು ಪ್ರತಿ ವಂಶವಾಹಿ ಗ್ರಂಥ 300 ಕೋಟಿ ಅಕ್ಷರದ್ದು ಎಂದು ನೆನಪಿಟ್ಟುಕೊಂಡು ಇದನ್ನು ನೋಡಿ. ಈ 3,200 ಅಕ್ಷರದಲ್ಲಿ ಎಸ್, ಸಿ, ಪಿ, ಎಕ್ಸ್ ಎಂಬ ನಾಲ್ಕು ಜೀನ್‌ಗಳು ಒಂದರ ಮೇಲೊಂದು ಹಾಯ್ದು ಕೂತಿವೆ. ಒಂದೇ ಸಾಲನ್ನು ಬೇರೆ ಬೇರೆ ಕಡೆಯಿಂದ ಓದಲು ಶುರು ಮಾಡಿದರೆ ಬೇರೆ ಬೇರೆ ಅರ್ಥ ಬರುವಂಥ ಜಿಪುಣ ಬರವಣಿಗೆ. ಜೀನ್ ಕಡಿಮೆ ಎಂದರೆ ಔಷಧ ಗುರಿಯಿಡಲು ಜಾಗವೂ ಕಡಿಮೆ ಎಂದರ್ಥ. ವೈರಸ್‌ಗೆ ಸ್ವಂತದ ಕಿಣ್ವ ಒಂದೇ ಒಂದು, ಪಾಲಿಮರೇಸ್. ಉಳಿದ ಕೆಲಸವನ್ನೆಲ್ಲ ನಮ್ಮ ಕೋಶದ ಕೈಯಲ್ಲೇ ಮಾಡಿಸಿಕೊಳ್ಳುತ್ತದೆ. ಕೋಶದ ಕೈ ಕಟ್ಟಿದರೆ ನಮಗೇ ಪೆಟ್ಟು.

ಒಳಗೆ ಬರುವ ಬಾಗಿಲೂ ನಮ್ಮದೇ. ಪಿತ್ತದ ಲವಣಗಳನ್ನು ರಕ್ತದಿಂದ ಲಿವರ್ ಕೋಶದೊಳಕ್ಕೆ ಮರಳಿ ಎಳೆದುಕೊಳ್ಳುವ ಎನ್‌ಟಿಸಿಪಿ ಎಂಬ ಪ್ರೊಟೀನ್ ಇದೆ. ಬಿ ವೈರಸ್ ಅದಕ್ಕೆ ಅಂಟಿಕೊಂಡು ಒಳಗೆ ನುಸುಳುತ್ತದೆ. ಇದನ್ನು ಪತ್ತೆ ಮಾಡಿದ್ದು 2012ರಲ್ಲಿ, ಬೀಜಿಂಗ್‌ನಲ್ಲಿ ವೆನ್‌ಹುಯಿ ಲೀ ಅವರ ತಂಡ. ವೈರಸ್‌ನ ಗುರುತು ಸಿಕ್ಕಿದ್ದು 1960ರ ದಶಕದಲ್ಲಿ, ಬಾಗಿಲು ಗೊತ್ತಾಗಲು ಮತ್ತೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿಯವರೆಗೆ ಪ್ರಯೋಗಾಲಯದ ಸಾಮಾನ್ಯ ಲಿವರ್ ಕೋಶಗಳಿಗೆ ಈ ವೈರಸ್ ಅಂಟಿಸುವುದೇ ದೊಡ್ಡ ತಲೆನೋವಾಗಿತ್ತು. ಇಲಿಗೆ ಇದು ತಗಲುವುದಿಲ್ಲ, ಚಿಂಪಾಂಜಿಗೆ ತಗಲುತ್ತದೆ. ಔಷಧ ಸಂಶೋಧನೆ ತಡವಾದದ್ದಕ್ಕೆ ಇದೂ ಒಂದು ಕಾರಣ. ಇದನ್ನು ಹೇಳುವವರು ಕಡಿಮೆ.

ಮುಂದಿನದು ಮುಖ್ಯ. ಒಳಗೆ ಬಂದ ವೈರಸ್‌ನ ಡಿಎನ್‌ಎ ಅರೆಬರೆ ಉಂಗುರ. ಎರಡು ಎಳೆಯಲ್ಲಿ ಒಂದು ಪೂರ್ತಿ ಇರುವುದಿಲ್ಲ. ಅದು ಕೋಶಕೇಂದ್ರವನ್ನು ಹೊಕ್ಕಾಗ ನಮ್ಮ ಕೋಶದ ರಿಪೇರಿ ಕಿಣ್ವಗಳು "ಅಯ್ಯೋ, ಇಲ್ಲೊಂದು ಡಿಎನ್‌ಎ ಹರಿದಿದೆ" ಎಂದುಕೊಂಡು ಬಂದು, ಬಿಟ್ಟ ಜಾಗ ತುಂಬಿ, ತುದಿ ಹೊಲಿದು, ಗಟ್ಟಿ ಉಂಗುರ ಮಾಡಿಕೊಡುತ್ತವೆ. ನಮ್ಮ ಡಿಎನ್‌ಎ ಕಾಯಲು ಇರುವ ಸಿಬ್ಬಂದಿಯೇ ಕಳ್ಳನ ಮನೆಗೆ ಗೋಡೆ ಕಟ್ಟಿಕೊಟ್ಟ ಹಾಗೆ. ಈ ಮುಚ್ಚಿದ ಉಂಗುರಕ್ಕೆ ಸಿಸಿಸಿ ಡಿಎನ್‌ಎ ಎನ್ನುತ್ತಾರೆ. ಆಮೇಲೆ ಅದು ನಮ್ಮ ಡಿಎನ್‌ಎಯ ಹಾಗೆಯೇ ನಮ್ಮ ಹಿಸ್ಟೋನ್ ಪ್ರೊಟೀನ್‌ಗಳ ಸುತ್ತ ಸುತ್ತಿಕೊಳ್ಳುತ್ತದೆ. ಅಲ್ಲಿಗೆ ಅದು ನೋಡಲು ನಮ್ಮದೇ ಒಂದು ಪುಟ್ಟ ಕ್ರೋಮೋಸೋಮ್. ನಮ್ಮದಕ್ಕೂ ಅದಕ್ಕೂ ವ್ಯತ್ಯಾಸ ಕಂಡು ಅದನ್ನಷ್ಟೇ ಕತ್ತರಿಸುವ ಮಾತ್ರೆ ಇವತ್ತಿಗೂ ಇಲ್ಲ.

ಹೊಲ ಇರುವವರಿಗೆ ಜೇಕು ಗೊತ್ತು. ಮೇಲಿನ ಹುಲ್ಲನ್ನು ಎಷ್ಟು ಸಲ ಕಿತ್ತರೂ ಮಣ್ಣೊಳಗಿನ ಕೊನ್ನಾರಿಗಡ್ಡೆ ಹಾಗೇ ಇರುತ್ತದೆ, ಮಳೆ ಬಿದ್ದ ನಾಲ್ಕು ದಿನಕ್ಕೆ ಮತ್ತೆ ಹಸಿರು. ಸಿಸಿಸಿ ಡಿಎನ್‌ಎ ಆ ಗಡ್ಡೆ, ರಕ್ತದಲ್ಲಿ ಅಳೆಯುವ ವೈರಸ್ ಮೇಲಿನ ಹುಲ್ಲು. (ಲಿವರ್ ವಿಷಯದಲ್ಲಿ ಗಡ್ಡೆ ಎಂದ ಕೂಡಲೇ ಕೆಲವರು ಗಾಬರಿಯಾಗುತ್ತಾರೆ. ಇದು ಹೋಲಿಕೆ ಮಾತ್ರ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಗಡ್ಡೆಯಲ್ಲ.)

ಈ ಉಂಗುರದಿಂದ ಕೋಶದ ಯಂತ್ರಗಳು 3,500 ಅಕ್ಷರದ ಒಂದು ಉದ್ದ ಆರ್‌ಎನ್‌ಎ ಬರೆದುಕೊಡುತ್ತವೆ. ಅದು ಕೋಶಕೇಂದ್ರದಿಂದ ಹೊರಗೆ ಬಂದು ಪಾಲಿಮರೇಸ್ ಜೊತೆ ಪ್ರೊಟೀನಿನ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಚಿಪ್ಪಿನ ಒಳಗೆ ಪಾಲಿಮರೇಸ್ ಆ ಆರ್‌ಎನ್‌ಎಯನ್ನು ಓದಿ ಹಿಂದುಮುಂದಾಗಿ ಡಿಎನ್‌ಎ ಬರೆಯುತ್ತದೆ. ತುಂಬಿದ ಚಿಪ್ಪಿಗೆ ಈಗ ಎರಡು ದಾರಿ. ಒಂದು, ಹೊರಗವಚ ತೊಟ್ಟು ರಕ್ತಕ್ಕೆ ಹೋಗುವುದು. ಇನ್ನೊಂದು, ತಿರುಗಿ ಅದೇ ಕೋಶಕೇಂದ್ರಕ್ಕೆ ಹೋಗಿ ಇನ್ನೊಂದು ಉಂಗುರವಾಗುವುದು. ಹೊರಗಿನಿಂದ ಹೊಸ ಸೋಂಕು ಬರದಿದ್ದರೂ ಒಳಗಿನ ದಾಸ್ತಾನು ತುಂಬುತ್ತಲೇ ಇರುತ್ತದೆ.

ಮಾತ್ರೆ ತಡೆಯುವುದು ಎಲ್ಲಿ?

ಇವತ್ತು ಕೊಡುವ ಮಾತ್ರೆಗಳು ಮೂರು: ಎಂಟೆಕಾವಿರ್ 0.5 ಮಿಲಿಗ್ರಾಂ, ಟೆನೊಫೊವಿರ್ ಡೈಸೊಪ್ರಾಕ್ಸಿಲ್ 300 ಮಿಲಿಗ್ರಾಂ, ಟೆನೊಫೊವಿರ್ ಅಲಾಫೆನಮೈಡ್ 25 ಮಿಲಿಗ್ರಾಂ. ಯಾವುದಾದರೂ ಒಂದು, ದಿನಕ್ಕೊಂದು ಸಲ. ಇವು ಡಿಎನ್‌ಎ ಅಕ್ಷರಗಳ ನಕಲಿ ರೂಪ. ಪಾಲಿಮರೇಸ್ ಚಿಪ್ಪಿನೊಳಗೆ ಡಿಎನ್‌ಎ ಬರೆಯುವಾಗ ನಿಜವಾದ ಅಕ್ಷರದ ಬದಲು ಇದನ್ನು ಎತ್ತಿಕೊಂಡರೆ ಬರವಣಿಗೆ ಅಲ್ಲಿಗೇ ನಿಲ್ಲುತ್ತದೆ. ಹೊಸ ವೈರಸ್ ಹುಟ್ಟುವುದಿಲ್ಲ, ರಕ್ತದಲ್ಲಿ ಡಿಎನ್‌ಎ ಇಳಿಯುತ್ತದೆ, ಲಿವರ್‌ನ ಉರಿಯೂತ ಇಳಿಯುತ್ತದೆ, ವರ್ಷಗಟ್ಟಲೆ ತೆಗೆದುಕೊಂಡರೆ ಸಿರೋಸಿಸ್ ಕೂಡ ಎಷ್ಟೋ ಮಂದಿಯಲ್ಲಿ ಹಿಮ್ಮೆಟ್ಟುತ್ತದೆ. ಕ್ಯಾನ್ಸರ್ ಅಪಾಯ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ. ಇದೇನು ಸಣ್ಣ ಲಾಭವಲ್ಲ. "ವಾಸಿಯಾಗಲ್ಲ ಅಂದಮೇಲೆ ಮಾತ್ರೆ ಯಾಕೆ" ಎನ್ನುವವರು ಈ ಸಾಲನ್ನು ಎರಡು ಸಲ ಓದಬೇಕು.

ಆದರೆ ಗಮನಿಸಿ, ಮಾತ್ರೆ ತಡೆಯುವುದು ಉಂಗುರದಿಂದ ಆರ್‌ಎನ್‌ಎ ಹೊರಬಂದ ಮೇಲಿನ ಹೆಜ್ಜೆಯನ್ನು. ಉಂಗುರ ಕೂತಲ್ಲೇ ಕೂತಿದೆ. ಅದರಿಂದ ಆರ್‌ಎನ್‌ಎ ಬರುತ್ತಲೇ ಇದೆ, ಆ ಆರ್‌ಎನ್‌ಎ ಓದಿ ಕೋಶವು ಸರ್ಫೇಸ್ ಆಂಟಿಜೆನ್ ಎಂಬ ಪ್ರೊಟೀನ್ ಮಾಡುತ್ತಲೇ ಇದೆ. ಆ ಪ್ರೊಟೀನೇ ನಮ್ಮ ರಿಪೋರ್ಟಿನ ಮೂರನೇ ಸಾಲು. ಡಿಎನ್‌ಎ ಸೊನ್ನೆ, ಎಚ್‌ಬಿಎಸ್‌ಎಜಿ ಪಾಸಿಟಿವ್ ಎನ್ನುವ ಒಗಟು ಇಲ್ಲಿಗೆ ಅರ್ಧ ಬಿಡಿಸಿದಂತಾಯಿತು.

ಎಷ್ಟು ವರ್ಷ ಮಾತ್ರೆ ತೆಗೆದುಕೊಂಡರೆ ಆ ಸಾಲೂ ನೆಗೆಟಿವ್ ಆದೀತು? ಕೈಲೆಕ್ಕ ಹಾಕಬಹುದು. ಮಾತ್ರೆಯ ಮೇಲಿರುವವರಲ್ಲಿ ಎಚ್‌ಬಿಎಸ್‌ಎಜಿ ಪ್ರಮಾಣ ವರ್ಷಕ್ಕೆ ಸರಾಸರಿ 0.1 ಲಾಗ್ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಹತ್ತು ವರ್ಷಕ್ಕೆ ಹತ್ತನೇ ಒಂದು ಪಾಲಾಗುತ್ತದೆ. ಮಿಲಿಲೀಟರಿಗೆ 3,000 ಯೂನಿಟ್‌ನಿಂದ ಶುರುವಾದವರು ಹತ್ತು ವರ್ಷಕ್ಕೆ 300, ಇಪ್ಪತ್ತಕ್ಕೆ 30, ಮೂವತ್ತಕ್ಕೆ 3, ನಲವತ್ತಕ್ಕೆ 0.3. ಪರೀಕ್ಷೆ ನೆಗೆಟಿವ್ ಎನ್ನುವ 0.05ಕ್ಕೆ ಇಳಿಯಲು ಹತ್ತಿರ ಹತ್ತಿರ 48 ವರ್ಷ. ಕೆಲವರಲ್ಲಿ ಬೇಗ ಇಳಿಯುತ್ತದೆ, ಕೆಲವರಲ್ಲಿ ಅಲುಗುವುದೇ ಇಲ್ಲ. ಒಟ್ಟಾರೆ ಮಾತ್ರೆಯಿಂದ ಎಚ್‌ಬಿಎಸ್‌ಎಜಿ ಹೋಗುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ, ಅಥವಾ ಅದಕ್ಕೂ ಕಡಿಮೆ.

ಉಂಗುರ ತಾನಾಗಿ ಸವೆಯುವುದಿಲ್ಲವೇ ಎಂದರೆ, ಲಿವರ್ ಕೋಶ ಚರ್ಮದ ಕೋಶದ ಹಾಗಲ್ಲ. ತಿಂಗಳುಗಟ್ಟಲೆ, ಅದಕ್ಕಿಂತ ಹೆಚ್ಚೂ ಬದುಕುತ್ತದೆ, ಅಪರೂಪಕ್ಕೆ ಒಡೆದು ಎರಡಾಗುತ್ತದೆ. ಕೋಶ ಒಡೆದಾಗ ಉಂಗುರ ಕಳೆದುಹೋಗುವ ಅವಕಾಶ ಇದೆ, ಆದರೆ ಲಿವರ್‌ನಲ್ಲಿ ಆ ಅವಕಾಶವೇ ಕಡಿಮೆ. ಇನ್ನು ಸಂಖ್ಯೆ ನೋಡಿ. ವಯಸ್ಕರ ಲಿವರ್‌ನಲ್ಲಿ ಸುಮಾರು 20,000 ಕೋಟಿ ಕೋಶಗಳಿವೆ. ಸೋಂಕು ಜೋರಾಗಿರುವ ಹಂತದಲ್ಲಿ ಬಹುಪಾಲು ಕೋಶಗಳಲ್ಲಿ ಕೆಲವಾದರೂ ಉಂಗುರಗಳಿರುತ್ತವೆ. ಯಾವುದೋ ಔಷಧ ಬಂದು ನೂರಕ್ಕೆ 99.9ರಷ್ಟು ಕೋಶಗಳನ್ನು ಶುದ್ಧ ಮಾಡಿತು ಎಂದರೂ 20 ಕೋಟಿ ಕೋಶ ಬಾಕಿ. ಬೆಳೆಯಲು ಒಂದೇ ಸಾಕು.

ಅಳೆಯುವುದೂ ಸುಲಭವಿಲ್ಲ. ಸಿಸಿಸಿ ಡಿಎನ್‌ಎ ರಕ್ತದಲ್ಲಿ ಸಿಗುವುದಿಲ್ಲ, ಬಯಾಪ್ಸಿ ಮಾಡಿ ಲಿವರ್‌ನ ಚೂರು ತೆಗೆಯಬೇಕು. ಆ ಚೂರು ಇಡೀ ಲಿವರ್‌ನ ಸುಮಾರು ಐವತ್ತು ಸಾವಿರದ ಒಂದು ಪಾಲು. ಅಲ್ಲಿ ಇಲ್ಲ ಎಂದರೆ ಉಳಿದಲ್ಲೂ ಇಲ್ಲ ಎಂದು ಯಾರು ಹೇಳಬಲ್ಲರು?

ಹಿಂದೆ ಲ್ಯಾಮಿವುಡಿನ್ ಎಂಬ ಹಳೆಯ ಮಾತ್ರೆಯ ಕಾಲದಲ್ಲಿ ಇನ್ನೊಂದು ಕಷ್ಟವಿತ್ತು. 1998ರಲ್ಲಿ ಅದು ಬಂದಾಗ ಎಲ್ಲರೂ ಹಿಗ್ಗಿದ್ದರು. ಆದರೆ ಪಾಲಿಮರೇಸ್‌ನಲ್ಲಿ ಒಂದೇ ಅಕ್ಷರದ ಬದಲಾವಣೆ ಆದರೂ ಔಷಧ ನಾಟುತ್ತಿರಲಿಲ್ಲ. ಐದು ವರ್ಷಕ್ಕೆ ನೂರರಲ್ಲಿ ಸುಮಾರು 70 ಮಂದಿಯಲ್ಲಿ ವೈರಸ್ ಅದಕ್ಕೆ ಬಗ್ಗದಂತಾಗುತ್ತಿತ್ತು. ಎಂಟೆಕಾವಿರ್‌ನಲ್ಲಿ, ಮೊದಲ ಸಲ ಔಷಧ ತೆಗೆದುಕೊಳ್ಳುವವರಾದರೆ, ಇದು ನೂರಕ್ಕೆ ಒಂದರ ಆಸುಪಾಸು. ಹಿಂದೆ ಲ್ಯಾಮಿವುಡಿನ್ ತೆಗೆದುಕೊಂಡಿದ್ದವರು ಆ ವಿಷಯ ಮುಚ್ಚಿಡಬಾರದು. ಅಂಥವರಿಗೆ ಟೆನೊಫೊವಿರ್ ಸರಿ, ಎಂಟೆಕಾವಿರ್ ಅಲ್ಲ.

ಮಾತ್ರೆಯನ್ನು ಹೇಳದೆ ಕೇಳದೆ ನಿಲ್ಲಿಸಿದರೆ? ಉಂಗುರದಿಂದ ಬರುತ್ತಿರುವ ಆರ್‌ಎನ್‌ಎ ಮತ್ತೆ ಡಿಎನ್‌ಎ ಆಗುತ್ತದೆ, ಕೆಲವು ವಾರಗಳಲ್ಲಿ ವೈರಸ್ ಏರುತ್ತದೆ. ಅದನ್ನು ನೋಡಿ ದೇಹದ ಕಾವಲು ಪಡೆ ಏಳುತ್ತದೆ, ಸೋಂಕಿತ ಕೋಶಗಳನ್ನು ಕೊಲ್ಲುತ್ತದೆ, ಎಸ್‌ಜಿಪಿಟಿ ಸಾವಿರ ದಾಟಬಹುದು. ಮೊದಲೇ ಸಿರೋಸಿಸ್ ಇದ್ದವರಿಗೆ ಇದು ಲಿವರ್ ಫೇಲ್ಯೂರ್ ತನಕ ಹೋಗಬಹುದು. ಹಬ್ಬಕ್ಕೆ ಊರಿಗೆ ಹೋದಾಗ ಮಾತ್ರೆ ಮುಗಿಯಿತು, ಬಂದು ತೆಗೆದುಕೊಂಡರಾಯಿತು ಎನ್ನುವ ಕಾಯಿಲೆಯಲ್ಲ ಇದು.

ಎರಡನೇ ಅಡ್ಡಿ: ನಮ್ಮ ಕ್ರೋಮೋಸೋಮ್‌ನಲ್ಲಿ ಸಿಕ್ಕ ತುಣುಕುಗಳು

ಒಗಟಿನ ಉಳಿದರ್ಧ ಇಲ್ಲಿದೆ. ವೈರಸ್ ಡಿಎನ್‌ಎ ಬರೆಯುವಾಗ ಕೆಲವೊಮ್ಮೆ ಉಂಗುರದ ಬದಲು ನೇರ ಕಡ್ಡಿಯಂಥ ತುಂಡಾಗುತ್ತದೆ. ಅದು ನಮ್ಮ ಕ್ರೋಮೋಸೋಮ್ ಎಲ್ಲಾದರೂ ಮುರಿದಿದ್ದರೆ ಆ ಸಂದಿಯಲ್ಲಿ ಸೇರಿಕೊಂಡು ಬಿಡುತ್ತದೆ. ಎಚ್‌ಐವಿಗೆ ಹೀಗೆ ಸೇರಿಕೊಳ್ಳುವುದೇ ಬದುಕು. ಬಿ ವೈರಸ್‌ಗೆ ಇದು ಆಕಸ್ಮಿಕ, ಈ ತುಂಡಿನಿಂದ ಹೊಸ ವೈರಸ್ ಹುಟ್ಟಲಾರದು. ಆದರೆ ಸರ್ಫೇಸ್ ಆಂಟಿಜೆನ್ ಬರೆಯುವ ಎಸ್ ಜೀನ್ ಮಾತ್ರ ತುಂಡಿನಲ್ಲಿ ಸಾಮಾನ್ಯವಾಗಿ ಇಡಿಯಾಗಿ ಉಳಿದಿರುತ್ತದೆ.

ಸೋಂಕಿನ ಮುಂದಿನ ಹಂತದಲ್ಲಿ, ಅಂದರೆ ಎಚ್‌ಬಿಇಎಜಿ (ವೈರಸ್ ಜೋರಾಗಿ ಬೆಳೆಯುವಾಗ ರಕ್ತದಲ್ಲಿ ಕಾಣುವ ಅದರ ಇನ್ನೊಂದು ಪ್ರೊಟೀನ್) ನೆಗೆಟಿವ್ ಆದವರಲ್ಲಿ, ರಕ್ತದಲ್ಲಿರುವ ಎಚ್‌ಬಿಎಸ್‌ಎಜಿಯ ದೊಡ್ಡ ಪಾಲು ಉಂಗುರದಿಂದಲ್ಲ, ಈ ತುಂಡುಗಳಿಂದ ಬರುತ್ತಿರುತ್ತದೆ. ಹಾಗಾಗಿ ಯಾರಾದರೂ ಎಲ್ಲ ಉಂಗುರಗಳನ್ನೂ ಕಿತ್ತುಹಾಕಿದರು ಎಂದೇ ಇಟ್ಟುಕೊಳ್ಳಿ, ರಿಪೋರ್ಟ್ ಆಗಲೂ ಪಾಸಿಟಿವ್ ಬರಬಹುದು. ಈ ತುಂಡುಗಳು ಕ್ಯಾನ್ಸರ್‌ಗೂ ದಾರಿ ಮಾಡುತ್ತವೆ. ಸಿರೋಸಿಸ್ ಇಲ್ಲದೆಯೂ ಹೆಪಟೈಟಿಸ್ ಬಿ ಲಿವರ್ ಕ್ಯಾನ್ಸರ್ ತರಬಲ್ಲದು ಎನ್ನುವುದಕ್ಕೆ ಇದು ಒಂದು ಕಾರಣ.

ಮೂರನೇ ಅಡ್ಡಿ: ದಣಿದ ಕಾವಲುಗಾರ

ಹೆಪಟೈಟಿಸ್ ಬಿ ವೈರಸ್ ತಾನೇ ಕೋಶವನ್ನು ಕೊಲ್ಲುವುದಿಲ್ಲ. ಲಿವರ್ ಹಾಳಾಗುವುದು ನಮ್ಮ ರೋಗನಿರೋಧಕ ಕೋಶಗಳು ಸೋಂಕಿತ ಕೋಶಗಳ ಮೇಲೆ ಬೀಳುವುದರಿಂದ. ವಯಸ್ಕರಿಗೆ ಹೊಸದಾಗಿ ಸೋಂಕು ತಗಲಿದರೆ ಟಿ ಕೋಶಗಳು ಜೋರಾಗಿ ಏಳುತ್ತವೆ, ಕೆಲವರಿಗೆ ಕಾಮಾಲೆ ಬರುತ್ತದೆ, ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಆರು ತಿಂಗಳೊಳಗೆ ತಾವೇ ಗೆಲ್ಲುತ್ತಾರೆ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ಬಂದರೆ ಲೆಕ್ಕ ಪೂರ್ತಿ ತಿರುಗುಮುರುಗು: ನೂರರಲ್ಲಿ 90 ಮಕ್ಕಳಲ್ಲಿ ಅದು ಜೀವಮಾನದ ಸೋಂಕಾಗುತ್ತದೆ. ಒಂದರಿಂದ ಐದು ವರ್ಷದ ಮಕ್ಕಳು ಇವೆರಡರ ನಡುವೆ, 25ರಿಂದ 50. ಅದೇ ವೈರಸ್, ವಯಸ್ಸು ಬೇರೆ. ನಮ್ಮಲ್ಲಿ ಇವತ್ತು ಮೂವತ್ತು ನಲವತ್ತು ವಯಸ್ಸಿನಲ್ಲಿ ರಕ್ತದಾನಕ್ಕೋ ಆಪರೇಷನ್‌ಗೋ ಹೋಗಿ ಪಾಸಿಟಿವ್ ಎಂದು ತಿಳಿದವರಲ್ಲಿ ಬಹಳಷ್ಟು ಮಂದಿಗೆ ಸೋಂಕು ಬಂದದ್ದು ಬಾಲ್ಯದಲ್ಲೇ. ಗಂಡ ಹೆಂಡಿರ ನಡುವೆ ಅನುಮಾನ, ಜಗಳ ಹುಟ್ಟುವ ಮನೆಗಳಲ್ಲಿ ಈ ಒಂದು ಮಾತನ್ನು ಬಿಡಿಸಿ ಹೇಳಬೇಕಾಗುತ್ತದೆ.

ವೈರಸ್ ಇಲ್ಲಿ ಎರಡು ಉಪಾಯ ಮಾಡುತ್ತದೆ. ಒಂದು, ಸದ್ದಿಲ್ಲದೆ ಬರುವುದು. ಬೇರೆ ವೈರಸ್ ಕೋಶದೊಳಗೆ ಬಂದ ಕೂಡಲೇ ಇಂಟರ್‌ಫೆರಾನ್ ಎಂಬ ಅಪಾಯದ ಗಂಟೆ ಬಾರಿಸುತ್ತದೆ. ಬಿ ವೈರಸ್ ಬಂದರೆ ಆ ಗಂಟೆ ಹೆಚ್ಚುಕಮ್ಮಿ ಮೊಳಗುವುದೇ ಇಲ್ಲ. ಇನ್ನೊಂದು, ಬೆದರುಬೊಂಬೆಗಳು. ಸೋಂಕಿತ ಕೋಶ ಹೊರಗೆ ಕಳಿಸುವ ನಿಜವಾದ ಒಂದು ವೈರಸ್‌ಗೆ ಪ್ರತಿಯಾಗಿ ಸಾವಿರದಿಂದ ಲಕ್ಷದವರೆಗೆ ಖಾಲಿ ಚಿಪ್ಪುಗಳು, 22 ನ್ಯಾನೋಮೀಟರ್‌ನ ಗೋಲಿಗಳು, ಎಳೆಗಳು ರಕ್ತಕ್ಕೆ ಬೀಳುತ್ತವೆ. ಒಳಗೆ ಡಿಎನ್‌ಎ ಇಲ್ಲ, ಹೊರಗೆ ಸರ್ಫೇಸ್ ಆಂಟಿಜೆನ್ ಮಾತ್ರ. ಪ್ರತಿಕಾಯಗಳು ಇವುಗಳ ಹಿಂದೆ ಓಡಿ ಖರ್ಚಾಗುತ್ತವೆ. ವರ್ಷಾನುಗಟ್ಟಲೆ ಇದೇ ಆಂಟಿಜೆನ್ ನೋಡಿ ನೋಡಿ ಟಿ ಕೋಶಗಳು ದಣಿಯುತ್ತವೆ, ತಮ್ಮ ಮೇಲೆ ತಾವೇ ಪಿಡಿ-1 ಎಂಬ ಬ್ರೇಕ್ ಹಾಕಿಕೊಳ್ಳುತ್ತವೆ, ಸಂಖ್ಯೆಯಲ್ಲೂ ಕರಗುತ್ತವೆ. ಈಗಾಗಲೇ ಪಾಸಿಟಿವ್ ಇರುವವರಿಗೆ ಲಸಿಕೆ ಹಾಕಿದರೆ ಪ್ರಯೋಜನವಿಲ್ಲ ಎನ್ನುವುದು ಇದಕ್ಕೇ: ಲಸಿಕೆಯಲ್ಲಿರುವುದೂ ಅದೇ ಸರ್ಫೇಸ್ ಆಂಟಿಜೆನ್, ರಕ್ತದಲ್ಲಿ ಆಗಲೇ ಅದರ ಹೊಳೆ ಹರಿಯುತ್ತಿದೆ.

ಹಾಗಾದರೆ ದಣಿದ ಪಡೆಯನ್ನು ಎಬ್ಬಿಸಿ ಎಲ್ಲ ಸೋಂಕಿತ ಕೋಶಗಳನ್ನೂ ಕೊಲ್ಲಿಸಬಾರದೇ? ಹೆಚ್ಚಿನ ಕೋಶಗಳು ಸೋಂಕಿತವಾಗಿರುವ ಲಿವರ್‌ನಲ್ಲಿ ಹಾಗೆ ಮಾಡಿದರೆ ಕಾಯಿಲೆ ಹೋಗುತ್ತದೆ, ರೋಗಿಯೂ ಹೋಗುತ್ತಾರೆ. ಪೆಗ್-ಇಂಟರ್‌ಫೆರಾನ್ ಚುಚ್ಚುಮದ್ದು ಅಳತೆಯಲ್ಲಿ ಇದನ್ನು ಮಾಡಲು ನೋಡುತ್ತದೆ: ವಾರಕ್ಕೆ 180 ಮೈಕ್ರೋಗ್ರಾಂ, 48 ವಾರ. ಜ್ವರ, ಮೈಕೈ ನೋವು, ಖಿನ್ನತೆ, ಬಿಳಿ ರಕ್ತಕಣ ಇಳಿಯುವುದು, ಥೈರಾಯ್ಡ್ ತೊಂದರೆ, ಇಷ್ಟೆಲ್ಲ ತಡೆದುಕೊಂಡ ಮೇಲೂ ಎಚ್‌ಬಿಎಸ್‌ಎಜಿ ಹೋಗುವುದು ನೂರರಲ್ಲಿ ಮೂರರಿಂದ ಏಳು ಮಂದಿಗೆ. ವೈರಸ್‌ನ ಎ ತಳಿ ಇದಕ್ಕೆ ಚೆನ್ನಾಗಿ ಬಗ್ಗುತ್ತದೆ, ಡಿ ತಳಿ ಅಷ್ಟು ಬಗ್ಗುವುದಿಲ್ಲ. ಭಾರತದಲ್ಲಿ ಎರಡೂ ಇವೆ. ಸಿರೋಸಿಸ್ ಮುಂದುವರಿದು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಇದನ್ನು ಕೊಡುವ ಹಾಗೇ ಇಲ್ಲ.

"ವಾಸಿ" ಎಂಬ ಮಾತಿನ ಅಳತೆ

ಈ ಕಾಯಿಲೆಯಲ್ಲಿ ವಾಸಿ ಎನ್ನುವುದಕ್ಕೆ ಮೆಟ್ಟಿಲುಗಳಿವೆ. ಮಾತ್ರೆಯ ಮೇಲೆ ಡಿಎನ್‌ಎ ಸೊನ್ನೆ ಇರುವುದು ಹಿಡಿತ, ವಾಸಿಯಲ್ಲ. ಎಲ್ಲ ಔಷಧ ನಿಲ್ಲಿಸಿ 24 ವಾರವಾದ ಮೇಲೂ ಎಚ್‌ಬಿಎಸ್‌ಎಜಿ ನೆಗೆಟಿವ್, ಡಿಎನ್‌ಎ ಪತ್ತೆಯಿಲ್ಲ ಎಂದಾದರೆ ಅದನ್ನು ಕಾರ್ಯತಃ ವಾಸಿ ಎನ್ನುತ್ತಾರೆ. ಇವತ್ತಿನ ಔಷಧ ಸಂಶೋಧನೆಯ ಗುರಿ ಇಷ್ಟೇ. ಉಂಗುರವೂ ಇಲ್ಲ, ತುಂಡೂ ಇಲ್ಲ ಎನ್ನುವ ಸಂಪೂರ್ಣ ವಾಸಿ ಯಾವ ಚಿಕಿತ್ಸೆಯ ಕೈಗೂ ಸಿಕ್ಕಿಲ್ಲ.

ತಾವೇ ಗೆದ್ದ ಆ 95 ಮಂದಿಯಲ್ಲೂ ಉಂಗುರ ಪೂರ್ತಿ ಹೋಗಿರುವುದಿಲ್ಲ. ಇದಕ್ಕೆ ಗಟ್ಟಿ ಸಾಕ್ಷಿ ಇದೆ. ಎಚ್‌ಬಿಎಸ್‌ಎಜಿ ನೆಗೆಟಿವ್, ಆಂಟಿ-ಎಚ್‌ಬಿಸಿ (ಹಿಂದೆ ಸೋಂಕು ತಗಲಿದ್ದರ ಗುರುತಾಗಿ ಉಳಿಯುವ ಪ್ರತಿಕಾಯ) ಪಾಸಿಟಿವ್ ಇರುವ ದಾನಿಯ ಲಿವರ್ ಕಸಿ ಮಾಡಿದರೆ, ತಡೆ ಔಷಧ ಕೊಡದಿದ್ದಲ್ಲಿ, ಪಡೆದವರಲ್ಲಿ ಎಷ್ಟೋ ಮಂದಿಗೆ ಸೋಂಕು ಬರುತ್ತದೆ. ಹಾಗೆಯೇ ಇಪ್ಪತ್ತು ವರ್ಷದ ಹಿಂದೆ ಗುಣವಾದವರಿಗೆ ರಿಟಕ್ಸಿಮ್ಯಾಬ್ ಎಂಬ ಔಷಧ ಕೊಟ್ಟು ಪ್ರತಿಕಾಯ ಮಾಡುವ ಬಿ ಕೋಶಗಳನ್ನು ಅಳಿಸಿದರೆ ಮಲಗಿದ್ದ ವೈರಸ್ ಏಳಬಹುದು. ಕೀಮೋಥೆರಪಿ, ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಕೂಡ ಎಬ್ಬಿಸಬಲ್ಲವು. ಅಂದರೆ ನಿಸರ್ಗವೂ ಮಾಡುವುದು ಬಂದೋಬಸ್ತು, ನಿರ್ಮೂಲನೆಯಲ್ಲ.

ಬರುತ್ತಿರುವ ಔಷಧಗಳು

ಹೆಚ್ಚು ಮುಂದೆ ಬಂದಿರುವುದು ಬೆಪಿರೋವಿರ್ಸೆನ್. ವೈರಸ್‌ನ ಆರ್‌ಎನ್‌ಎಗೆ ಅಂಟಿ ಅದನ್ನು ಕತ್ತರಿಸಿಹಾಕುವ ಚಿಕ್ಕ ಎಳೆ ಇದು. ಉಂಗುರದ ಆರ್‌ಎನ್‌ಎ, ತುಂಡಿನ ಆರ್‌ಎನ್‌ಎ ಎಂದು ಭೇದವಿಲ್ಲದೆ ಎರಡನ್ನೂ ಹಿಡಿಯುತ್ತದೆ. 2022ರಲ್ಲಿ ಪ್ರಕಟವಾದ ಎರಡನೇ ಹಂತದ ಪ್ರಯೋಗದಲ್ಲಿ ವಾರಕ್ಕೆ 300 ಮಿಲಿಗ್ರಾಂನಂತೆ 24 ವಾರ ಕೊಟ್ಟು ನಿಲ್ಲಿಸಿ, ಇನ್ನೂ 24 ವಾರ ಕಾದು ನೋಡಿದಾಗ ಎಚ್‌ಬಿಎಸ್‌ಎಜಿಯೂ ಡಿಎನ್‌ಎಯೂ ಇಲ್ಲದೆ ಉಳಿದವರು ನೂರಕ್ಕೆ ಒಂಬತ್ತು ಹತ್ತು. ಶುರುವಿನಲ್ಲೇ ಎಚ್‌ಬಿಎಸ್‌ಎಜಿ ಕಡಿಮೆ ಇದ್ದವರಲ್ಲಿ ಫಲ ಹೆಚ್ಚು. ವರ್ಷಕ್ಕೆ ಒಂದು ಎಂಬಲ್ಲಿಂದ ಹತ್ತಕ್ಕೆ ಬಂದದ್ದು ದೊಡ್ಡ ಹೆಜ್ಜೆಯೇ, ಉಳಿದ 90 ಮಂದಿಯನ್ನು ಮರೆಯದಿದ್ದರೆ ಸರಿ. ಚಿಪ್ಪು ಕಟ್ಟುವುದನ್ನೇ ಕೆಡಿಸುವ ಮಾತ್ರೆಗಳು ಡಿಎನ್‌ಎ ಚೆನ್ನಾಗಿ ಇಳಿಸಿದವು, ನಿಲ್ಲಿಸಿದ ಮೇಲೆ ವೈರಸ್ ಮರಳಿತು. ಎನ್‌ಟಿಸಿಪಿ ಬಾಗಿಲಿಗೆ ಬೀಗ ಹಾಕುವ ಬುಲೆವಿರ್ಟೈಡ್ ಯುರೋಪಿನಲ್ಲಿ ಬಳಕೆಗೆ ಬಂದಿರುವುದು ಬಿ ಜೊತೆ ಬರುವ ಹೆಪಟೈಟಿಸ್ ಡಿ ಸೋಂಕಿಗೆ. ಆಗಲೇ ಒಳಗೆ ಕೂತವರನ್ನು ಬೀಗ ಹೊರಗೆ ಹಾಕುವುದಿಲ್ಲ.

ಜೀನ್ ಕತ್ತರಿಯ ಬಗ್ಗೆ ಕೇಳುತ್ತೀರಿ. ಉಂಗುರವನ್ನು ನೇರವಾಗಿ ಕತ್ತರಿಸುವುದು ಮಾತಿಗೆ ಸುಲಭ. ಕತ್ತರಿಯನ್ನು ಸಾವಿರಾರು ಕೋಟಿ ಕೋಶಗಳ ಒಳಗೂ ತಲುಪಿಸಬೇಕು. ಅದೇ ಅಕ್ಷರ ಸಾಲು ನಮ್ಮ ಕ್ರೋಮೋಸೋಮ್‌ನಲ್ಲಿ ಸೇರಿಕೊಂಡ ತುಂಡಿನಲ್ಲೂ ಇದೆ, ಕತ್ತರಿ ಅಲ್ಲೂ ಹಾಯುತ್ತದೆ, ಕ್ರೋಮೋಸೋಮ್ ಮುರಿಯುತ್ತದೆ. ಮಾತ್ರೆ ತೆಗೆದುಕೊಂಡು ಹತ್ತಾರು ವರ್ಷ ಆರಾಮವಾಗಿರಬಲ್ಲ ಮನುಷ್ಯರಿಗೆ ಎಷ್ಟು ಅಪಾಯದ ಚಿಕಿತ್ಸೆ ಕೊಡಬಹುದು? ಔಷಧ ಎಷ್ಟು ಸುರಕ್ಷಿತವಾಗಿರಬೇಕು ಎನ್ನುವ ಗೆರೆಯನ್ನು ಇಲ್ಲಿ ಟೆನೊಫೊವಿರ್ ಎಳೆದಿಟ್ಟಿದೆ. ಸದ್ಯಕ್ಕೆ ಹೆಚ್ಚು ಭರವಸೆ ಕಾಣುವುದು ಉಂಗುರವನ್ನು ಕೀಳುವುದರಲ್ಲಿ ಅಲ್ಲ, ಅದರ ಬಾಯಿ ಮುಚ್ಚಿಸುವುದರಲ್ಲಿ. ನಮ್ಮ ಕೋಶದಲ್ಲಿ ಎಸ್‌ಎಂಸಿ 5/6 ಎಂಬ ಪ್ರೊಟೀನ್ ಗುಂಪು ಇಂಥ ಉಂಗುರಗಳನ್ನು ಸುಮ್ಮನಾಗಿಸುವ ಕೆಲಸ ಮಾಡುತ್ತದೆ; ವೈರಸ್‌ನ ಎಕ್ಸ್ ಪ್ರೊಟೀನ್ ಅದನ್ನು ಹಿಡಿದು ನಾಶ ಮಾಡಿಸುತ್ತದೆ. ಎಕ್ಸ್ ಅನ್ನು ಕಟ್ಟಿಹಾಕಿದರೆ ಉಂಗುರ ಇದ್ದೂ ಇಲ್ಲದಂತಾದೀತು ಎನ್ನುವುದು ಲೆಕ್ಕಾಚಾರ.

ನೆಲನೆಲ್ಲಿಯ ವಿಚಾರ

ಕನ್ನಡದಲ್ಲಿ ಈ ವಿಷಯ ಮಾತಾಡುವಾಗ ನೆಲನೆಲ್ಲಿಯನ್ನು ಬಿಟ್ಟು ಹೋಗಲಾಗದು. ಕಾಮಾಲೆ ಎಂದರೆ ಸಾಕು, ಕಿರುನೆಲ್ಲಿ ಅರೆದು ಹಾಲಿಗೋ ಮಜ್ಜಿಗೆಗೋ ಹಾಕಿ ಕೊಡುವವರು ಪ್ರತಿ ಊರಲ್ಲೂ ಇದ್ದಾರೆ. ಹಾಗೆಂದು ಇದನ್ನು ವಿಜ್ಞಾನ ಕಡೆಗಣಿಸಿತು ಎನ್ನುವುದು ಸುಳ್ಳು. ಸರ್ಫೇಸ್ ಆಂಟಿಜೆನ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ಮದರಾಸಿನ ಸಂಶೋಧಕರ ಜೊತೆ ಸೇರಿ ಇದನ್ನು ಪರೀಕ್ಷಿಸಿದರು. 1988ರ ಆ ವರದಿಯಲ್ಲಿ ನೆಲನೆಲ್ಲಿ ಪಡೆದ 37 ಮಂದಿಯಲ್ಲಿ 22 ಮಂದಿಗೆ ಎಚ್‌ಬಿಎಸ್‌ಎಜಿ ಹೋಗಿತ್ತು, ಹುಸಿ ಔಷಧ ಪಡೆದ 23ರಲ್ಲಿ ಒಬ್ಬರಿಗೆ ಮಾತ್ರ. ಜಗತ್ತೇ ತಿರುಗಿ ನೋಡಿತು. ಆಮೇಲೆ ಬೇರೆ ಕಡೆ ಮತ್ತೆ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ.

ಊರಿನ ಔಷಧಕ್ಕೆ ಹೆಸರು ಬಂದದ್ದರ ಗುಟ್ಟು ಬೇರೆ. ಕಾಮಾಲೆಯ ಬಹುಪಾಲು ಹೆಪಟೈಟಿಸ್ ಎ ಅಥವಾ ಇ, ಕೆಲವು ವಯಸ್ಕರ ಹೊಸ ಬಿ. ಇವೆಲ್ಲ ಸಾಮಾನ್ಯವಾಗಿ ನಾಲ್ಕಾರು ವಾರದಲ್ಲಿ ತಾವೇ ಇಳಿಯುತ್ತವೆ. ಸೊಪ್ಪು ಕುಡಿದರೂ ಇಳಿಯುತ್ತವೆ, ತೋಳಿಗೆ ಬರೆ ಹಾಕಿಸಿಕೊಂಡರೂ ಇಳಿಯುತ್ತವೆ; ಬರೆ ಮಾತ್ರ ಉಳಿಯುತ್ತದೆ. ದೀರ್ಘಕಾಲದ ಬಿ ಸೋಂಕಿನಲ್ಲಿ ಬಹಳ ವರ್ಷ ಕಾಮಾಲೆಯೇ ಇರುವುದಿಲ್ಲ. ಅಪಾಯವಿರುವುದು ಸೊಪ್ಪಿನಲ್ಲಿ ಅಲ್ಲ, ಅದನ್ನು ನಂಬಿ ಟೆನೊಫೊವಿರ್ ನಿಲ್ಲಿಸುವುದರಲ್ಲಿ, ಹೆಸರಿಲ್ಲದ ಪುಡಿ ಭಸ್ಮ ನುಂಗಿ ಲಿವರ್‌ಗೆ ಇನ್ನೊಂದು ಪೆಟ್ಟು ಕೊಡುವುದರಲ್ಲಿ. ಕರಾವಳಿಯಿಂದ ಗಲ್ಫ್‌ಗೆ ಹೊರಟವರು ಇದಕ್ಕೆ ಬೇಗ ಸಿಕ್ಕಿಬೀಳುತ್ತಾರೆ. ಅಲ್ಲಿನ ವೀಸಾ ಮೆಡಿಕಲ್‌ನಲ್ಲಿ ನೋಡುವುದು ಎಚ್‌ಬಿಎಸ್‌ಎಜಿ; ಡಿಎನ್‌ಎ ಸೊನ್ನೆ ಎಂದು ತೋರಿಸಿದರೂ ಅನ್‌ಫಿಟ್. "ಮೂರು ತಿಂಗಳಲ್ಲಿ ನೆಗೆಟಿವ್ ಮಾಡಿಕೊಡುತ್ತೇವೆ" ಎನ್ನುವವರ ಬಳಿ ಇಷ್ಟು ಹೊತ್ತು ಹೇಳಿದ ಉಂಗುರಕ್ಕೂ ತುಂಡಿಗೂ ಮದ್ದಿಲ್ಲ.

ಯಾರಿಗೆ ಮಾತ್ರೆ, ಯಾವ ಪರೀಕ್ಷೆ

ಪಾಸಿಟಿವ್ ಎಂದ ಮಾತ್ರಕ್ಕೆ ಎಲ್ಲರಿಗೂ ಮಾತ್ರೆಯಿಲ್ಲ, ಆದರೆ ಎಲ್ಲರಿಗೂ ತಪಾಸಣೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ನಿಯಮ ಸಡಿಲಿಸಿದೆ. ಡಿಎನ್‌ಎ ಮಿಲಿಲೀಟರಿಗೆ 2,000 ಯೂನಿಟ್ ಮೀರಿ, ಎಎಲ್‌ಟಿ (ಎಸ್‌ಜಿಪಿಟಿಯ ಇನ್ನೊಂದು ಹೆಸರು) ಗಂಡಸರಲ್ಲಿ 30, ಹೆಂಗಸರಲ್ಲಿ 19 ದಾಟಿದ್ದರೆ ಮಾತ್ರೆ. ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್‌ನಲ್ಲಿ 7 ಕಿಲೋಪ್ಯಾಸ್ಕಲ್ ಮೀರಿದರೆ, ಅಥವಾ ಅದನ್ನೇ ರಕ್ತಪರೀಕ್ಷೆಯಿಂದ ಅಂದಾಜು ಮಾಡುವ ಎಪಿಆರ್‌ಐ ಅಂಕ 0.5 ದಾಟಿದರೆ, ಡಿಎನ್‌ಎ ಎಷ್ಟೇ ಇರಲಿ ಮಾತ್ರೆ. ಎಚ್‌ಐವಿ, ಹೆಪಟೈಟಿಸ್ ಸಿ ಅಥವಾ ಡಿ, ಸಕ್ಕರೆ ಕಾಯಿಲೆ, ಕೊಬ್ಬಿದ ಲಿವರ್ ಜೊತೆಗಿದ್ದವರಿಗೂ, ಮನೆಯಲ್ಲಿ ಲಿವರ್ ಕ್ಯಾನ್ಸರ್ ಅಥವಾ ಸಿರೋಸಿಸ್ ಆದವರಿದ್ದರೂ ಮಾತ್ರೆ. ಎಪಿಆರ್‌ಐ ಮನೆಯಲ್ಲೇ ಲೆಕ್ಕ ಹಾಕಬಹುದು: ರಿಪೋರ್ಟಿನಲ್ಲಿರುವ ಇನ್ನೊಂದು ಕಿಣ್ವ ಎಸ್‌ಜಿಒಟಿಯನ್ನು ಲ್ಯಾಬ್‌ನ ಗರಿಷ್ಠ ಮಿತಿಯಿಂದ ಭಾಗಿಸಿ, ನೂರರಿಂದ ಗುಣಿಸಿ, ಸಾವಿರದ ಲೆಕ್ಕದ ಪ್ಲೇಟ್‌ಲೆಟ್ ಸಂಖ್ಯೆಯಿಂದ ಭಾಗಿಸಿ. ಎಸ್‌ಜಿಒಟಿ 60, ಮಿತಿ 40, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಎಂದಾದರೆ 150ನ್ನು 150ರಿಂದ ಭಾಗಿಸಿದ ಹಾಗೆ, ಉತ್ತರ 1. ಅರ್ಧ ದಾಟಿತು.

ಮಾತ್ರೆ ಶುರು ಮಾಡುವ ಮುನ್ನ ಎಚ್‌ಐವಿ ಪರೀಕ್ಷೆ ಆಗಲೇಬೇಕು. ಎಚ್‌ಐವಿ ಇರುವವರಿಗೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಒಂದನ್ನೇ ಕೊಟ್ಟರೆ ಎಚ್‌ಐವಿ ಆ ಔಷಧಕ್ಕೆ ಬಗ್ಗದಂತಾಗಬಹುದು. ಎಂಟೆಕಾವಿರ್ ಖಾಲಿ ಹೊಟ್ಟೆಗೆ, ಊಟಕ್ಕೆ ಎರಡು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಅಲಾಫೆನಮೈಡ್ ಊಟದ ಜೊತೆ. ಡೈಸೊಪ್ರಾಕ್ಸಿಲ್ ಮೂತ್ರಪಿಂಡಕ್ಕೂ ಮೂಳೆಗೂ ಸ್ವಲ್ಪ ಭಾರ, ಕ್ರಿಯಾಟಿನಿನ್ ಮತ್ತು ಫಾಸ್ಫರಸ್ ಆಗಾಗ ನೋಡಬೇಕು. ಸಿರೋಸಿಸ್ ಇರುವವರು, ಮನೆತನದಲ್ಲಿ ಕ್ಯಾನ್ಸರ್ ಇರುವವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಬೇಕು, ಡಿಎನ್‌ಎ ಸೊನ್ನೆ ಇದ್ದರೂ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ.

ಗರ್ಭಿಣಿಯ ಡಿಎನ್‌ಎ 2 ಲಕ್ಷ ಯೂನಿಟ್ ದಾಟಿದ್ದರೆ ಟೆನೊಫೊವಿರ್ ಶುರು ಮಾಡಲು 28ನೇ ವಾರ ಮೀರಬಾರದು. ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ, ಇನ್ನೊಂದು ತೊಡೆಗೆ ಇಮ್ಯುನೋಗ್ಲೋಬ್ಯುಲಿನ್, ಸಾಧ್ಯವಾದರೆ 12 ಗಂಟೆಯೊಳಗೆ. ಆಮೇಲೆ 6, 10, 14ನೇ ವಾರ ಪೆಂಟಾವೇಲೆಂಟ್ ಲಸಿಕೆ. ಎದೆಹಾಲು ಕೊಡಬಹುದು. ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡರೆ ಇದು ಹರಡುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಷ್, ಸೂಜಿ ಹಂಚಿಕೊಂಡರೆ ಹರಡುತ್ತದೆ. ಒಣಗಿದ ರಕ್ತದಲ್ಲೂ ವೈರಸ್ ಏಳು ದಿನ ಬದುಕಿರಬಲ್ಲದು.

ಎಚ್‌ಬಿಎಸ್‌ಎಜಿ ನೆಗೆಟಿವ್ ಆದ ಅದೃಷ್ಟವಂತರಿಗೂ ಒಂದು ಕೆಲಸ ಬಾಕಿ. ಮತ್ತೊಮ್ಮೆ ಪರೀಕ್ಷಿಸಿ ಖಾತ್ರಿ ಮಾಡಿಕೊಂಡ ಮೇಲೆ, ಫೈಲಿನ ಮೊದಲ ಪುಟದಲ್ಲಿ "ಆಂಟಿ-ಎಚ್‌ಬಿಸಿ ಪಾಸಿಟಿವ್, ಹಿಂದೆ ಹೆಪಟೈಟಿಸ್ ಬಿ ಇತ್ತು" ಎಂದು ಬರೆಸಿಡಿ. ಮುಂದೆ ಎಂದಾದರೂ ಸಂಧಿವಾತಕ್ಕೋ ಕ್ಯಾನ್ಸರ್‌ಗೋ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಬರೆಯುವ ವೈದ್ಯರು ಮೊದಲು ಓದಬೇಕಾದ ಸಾಲು ಅದು.